ಹಂಜಿಗೆ ಚುಮುಕಿಸಿದ ನೀರು

“ಮೊದ್ಲು ಅದ್ರ ಮೂಗೊರ್ಸಮ್ಮಿ. ಸಾಯೇಬ್ರು ನೋಡುದ್ರೆ ವಾಂತಿ ಮಾಡ್ಕತಾರೆ,” ಎಂದು ಊರ ಯಜಮಾನ ಶಾಂತಮಲ್ಲಪ್ಪ ಶಾಲೆಯ ಒಳಗಿನಿಂದಲೇ ಹೇಳಿದರು.

ಸಣ್ಣತಾಯಮ್ಮ ಸೆರಗಿನಿಂದ ಮಗಳ ಮೂಗು ಒರೆಸಿ ಒಳಗೆ ಬಿಟ್ಟು, ತಾನು ಬಾಗಿಲಾಚೆ ನಿಂತಳು.

ಅದು ನೂಲುವ ಶಾಲೆ. ತಕಲಿಯಲ್ಲಿ ನೂಲು ತೆಗೆಯುತ್ತಾ ಅಕ್ಷರ ಕಲಿಯಬೇಕು. ಊರಿನ ಯಜಮಾನರು ಅದನ್ನು ಬಹಳ ಮೆಚ್ಚಿಕೊಂಡು, ತಮ್ಮ ಮಕ್ಕಳನ್ನು ಗುಂಡ್ಲುಪೇಟೆಯ ಶಾಲೆಗೆ ಸೇರಿಸಿದ್ದರು. ತನಿಖೆಯ ದಿನ ಇಲ್ಲಿ ಮಕ್ಕಳ ತಲೆ ಎಣಿಕೆ ಸಾಲದಿದ್ದರೆ ಎರಡನೇ ಮೇಷ್ಟರ ಹುದ್ದೆ ಸಿಗುತ್ತಿರಲಿಲ್ಲ. ಆ ಹುದ್ದೆ ಶಾಂತಮಲ್ಲಪ್ಪನವರ ಅಳಿಯ ಮರಿಮಲ್ಲಪ್ಪನಿಗೆ ಬೇಕಿತ್ತು. ಹಾಗಾಗಿ, ನಿನ್ನೆಯವರೆಗೆ ನಾವು ಶಾಲೆಯ ಜಗಲಿ ಹತ್ತಿದರೆ ಕಲ್ಲು ಬೀಸುತ್ತಿದ್ದವರು ಇವತ್ತು ನಮ್ಮ ಕೇರಿಗೆ ಆಳು ಕಳಿಸಿ ಮಕ್ಕಳನ್ನು ಕರೆಸಿದ್ದರು.

“ನಾಳಿಂದ್ಲೂ ಕೂರುಸ್ಕತೀರಾ ಬುದ್ದಿ?” ಎಂದು ಸಣ್ಣತಾಯಮ್ಮ ಕೇಳಿದ್ದಳು. ಅವಳ ಮಗಳು ಮರಿತಾಯಿ ಶಾಂತಮಲ್ಲಪ್ಪನವರ ಮನೆಯದೇ ಆಡು ಕಾಯುವವಳು.

“ಕೂರುಸ್ಕತೀವಿ ಕಣಮ್ಮಿ,” ಎಂದಿದ್ದರು.

ನೂಲಲು ಹಿಂಜಿ ಸುತ್ತಿದ ಹತ್ತಿಯ ಹಂಜಿ ತುಂಬಿದ ಬುಟ್ಟಿಯನ್ನು ನಮ್ಮ ಮಕ್ಕಳೇ ಹೊತ್ತು ತಂದು ನಡುವೆ ಇಟ್ಟರು. ಅದನ್ನು ಹಂಚಬೇಕಾದವನು ಮೇಷ್ಟರಾಗಲಿದ್ದ ಮರಿಮಲ್ಲಪ್ಪ. ಅವರು ಮುಟ್ಟಿದ್ದನ್ನು ತಾನು ಮುಟ್ಟುವುದು ಹೇಗೆ? ಚೊಂಬು ಬರಿದಾಗುವವರೆಗೆ ನೀರು ಚುಮುಕಿಸಿ, ಶುದ್ಧವಾಯಿತೆಂದು ಹಂಚಿದ.

ಶಾಲಾ ಇನ್ಸ್‌ಪೆಕ್ಟರು ಬಂದು, ಎಲ್ಲಿ, ನೂಲಿಸಿ ನೋಡೋಣ ಎಂದರು. ಎಳೆದರೆ ಹಂಜಿ ಮುದ್ದೆಮುದ್ದೆಯಾಗಿ ಕಿತ್ತು ಬಂತು. ಯಾಕೆ ಒದ್ದೆ ಎಂದು ಕೇಳಿದರು.

“ನಾವ್ ಮುಟ್ಟುದ್ವಲ್ಲ, ಅದ್ಕೆ ಮೇಷ್ಟ್ರು ನೀರ್ ಚುಮುಕ್ಸುದ್ರು,” ಎಂದಳು ಮರಿತಾಯಿ.

ಇನ್ಸ್‌ಪೆಕ್ಟರು ಕಿಟಕಿಯಾಚೆ ನೋಡಿದರು. ಅಂಗಳದ ಮಣ್ಣು ಬಿಸಿಲಿಗೆ ಬಿರುಕು ಬಿಟ್ಟಿತ್ತು.

“ಮೋಡದ ಹವಾ. ಹಂಜಿ ತೇವ ಹಿಡಿಯುತ್ತೆ,” ಎಂದರು.

ವಿಪರೀತ ಮೋಡ ಎಂದು ಶಾಂತಮಲ್ಲಪ್ಪನವರೂ ಒಪ್ಪಿದರು. ತಲೆಗಳು ಸರಿಯಾಗಿದ್ದವು. ಹುದ್ದೆ ಗಟ್ಟಿ ಎಂದು ಹೇಳಿ, ಎಳನೀರು ಕುಡಿದು ಇನ್ಸ್‌ಪೆಕ್ಟರು ಜೀಪು ಹತ್ತಿದರು.

ಜೀಪಿನ ಧೂಳು ಇಳಿಯುವ ಮೊದಲೇ ಮಕ್ಕಳ ಕೈಯಿಂದ ತಕಲಿ ಕೆಳಗಿಡಿಸಿದ್ದಾಯಿತು.

“ಏಳಮ್ಮಿ ಮುಂಡೆ, ಸಾಯೇಬ್ರ ಮುಂದೆ ಬಾಯಿ ಬುಡ್ತೀಯಾ? ಓಗು, ಆಡು ಬುಡೋ ವೊತ್ತಾಯ್ತು,” ಎಂದರು ಶಾಂತಮಲ್ಲಪ್ಪ.

ಮರಿತಾಯಿ ಎದ್ದು ಅವ್ವನ ಕಡೆ ನೋಡಿದಳು.

ಸಣ್ಣತಾಯಮ್ಮ ಸೀರೆ ಒತ್ತರಿಸಿಕೊಂಡು ಬಂದು ಹೊಸ್ತಿಲ ಮೇಲೆ ಕುಳಿತಳು. ಶಾಲೆಗೆ ಇದ್ದದ್ದು ಅದೊಂದೇ ಬಾಗಿಲು. ಅವಳನ್ನು ಸೋಕದೆ ದಾಟಲು ಎಡೆಯಿರಲಿಲ್ಲ.

“ಕೂತ್ಕವ್ವ ನೀನು. ಹಂಜಿ ಒಣುಗ್ಲಿ,” ಎಂದು ಮಗಳಿಗೆ ಹೇಳಿದಳು.

ಶಾಂತಮಲ್ಲಪ್ಪ ಗದರಿದರು, ಅವಳ ವಂಶವನ್ನೆಲ್ಲ ಬೈದರು. ಅವಳು ಎಲೆಅಡಿಕೆ ಚೀಲ ಬಿಚ್ಚಿದಳು.

“ದಾಟ್ಕಂಡ್ ಬನ್ನಿ ಬುದ್ದಿ. ಬ್ಯಾಡ ಅಂದೋರ್ಯಾರು?”

ಮಾವ ಅಳಿಯನ ಮುಖ ನೋಡಿದರು. ಅಳಿಯ ಚೊಂಬು ಎತ್ತಿ ಬೋರಲು ಹಾಕಿದ. ಒಂದು ಹನಿಯೂ ಬೀಳಲಿಲ್ಲ.