ಎಂಟನೆಯ ಕಾಗದ

ಆರನೆಯ ಭಾನುವಾರವೂ ಡಬ್ಬಿಯಲ್ಲಿ ಏಳೇ ಇದ್ದವು. ನೆನಿತಾ ಎರಡು ಸಲ ಎಣಿಸಿದಳು.

ಅರ್ಸೆನಿಯೊ ಪ್ರತಿ ಭಾನುವಾರ ಚರ್ಚಿನ ಪೂಜೆ ಮುಗಿದ ಮೇಲೆ ತಾನೇ ಮಾಡಿದ ಪಾಸ್ತಿಯಾಸ್ ತಂದುಕೊಡುತ್ತಿದ್ದ. ಎಮ್ಮೆಹಾಲಿಗೆ ಸಕ್ಕರೆ ಹಾಕಿ ಗಟ್ಟಿಯಾಗುವವರೆಗೆ ಕಾಯಿಸಿ, ಬೆರಳುದ್ದಕ್ಕೆ ಹೊಸೆದ ಮಿಠಾಯಿ. ಒಂದೊಂದಕ್ಕೂ ತೆಳ್ಳನೆಯ ಬಣ್ಣದ ಕಾಗದದ ಹೊದಿಕೆ. ಹೊದಿಕೆಯ ಉದ್ದ ಬಾಲದಲ್ಲಿ ಕತ್ತರಿಯಿಂದ ಬಿಡಿಸಿದ ಹೂಬಳ್ಳಿ, ಬಳ್ಳಿಯ ನಡುವೆ ಅವಳ ಹೆಸರು. ಸಾನ್ ಮಿಗೆಲ್‌ನಲ್ಲಿ ಗಂಡಸೊಬ್ಬ ಇಷ್ಟು ಮಾಡಿದರೆ ಬಾಯಿಬಿಟ್ಟು ಹೇಳಬೇಕಾದ್ದೇನೂ ಉಳಿಯುವುದಿಲ್ಲ. ಮುಂದಿನ ಭಾನುವಾರ ಅವನ ಮನೆಯ ಹಿರಿಯರು ಹೆಣ್ಣು ಕೇಳಲು ಬರುವವರಿದ್ದರು. ಅಷ್ಟರೊಳಗೆ ಅವಳು ಮನಸ್ಸು ಗಟ್ಟಿ ಮಾಡಿಕೊಳ್ಳಬೇಕಿತ್ತು.

ಆದರೆ ನೆನಿತಾ ಬೆಳೆದದ್ದು ಕಾಗದ ಕತ್ತರಿಸುವವರ ಮನೆಯಲ್ಲಿ. ದೊಡ್ಡ ಹಾಳೆಯನ್ನು ಮೂರು ಸಲ ಮಡಚಿದರೆ ಎಂಟು ಪದರ. ಮಡಿಕೆ ಕೊಯ್ದು, ಎಂಟನ್ನೂ ಒಂದರ ಮೇಲೊಂದಿಟ್ಟು ಹೂವನ್ನು ಒಟ್ಟಿಗೇ ಕತ್ತರಿಸುತ್ತಾರೆ. ಹೆಸರು ಮಾತ್ರ ಕೊನೆಗೆ, ಒಂದೊಂದಾಗಿ. ಒಂದೇ ಕಟ್ಟಿನಿಂದ ಎಂಟು ಜನರ ಹೆಸರು ಬೇಕಾದರೂ ತೆಗೆಯಬಹುದು. ಕತ್ತರಿಯ ಮೊನೆ ಮೇಲಿನ ಹಾಳೆಯಲ್ಲಿ ಚೊಕ್ಕಟವಾಗಿ ಇಳಿಯುತ್ತದೆ. ಕೆಳಕೆಳಗೆ ಹೋದಂತೆ ಎಸಳಿನ ಅಂಚಿನಲ್ಲಿ ನಾರಿನಂಥ ಜುಂಗು ಏಳುತ್ತದೆ. ಅವಳಿಗೆ ಬಂದ ಏಳರಲ್ಲೂ ಜುಂಗಿತ್ತು. ಎಲ್ಲಕ್ಕಿಂತ ಚೆಂದದ ಮೇಲಿನ ಹಾಳೆ ವಾರವಾರವೂ ಬೇರೆಲ್ಲಿಗೋ ಹೋಗುತ್ತಿತ್ತು.

ನೇರವಾಗಿ ಕೇಳಲು ಅವಳಿಗೆ ಆಗಲಿಲ್ಲ. ಬಳ್ಳಿ ಇಷ್ಟು ಚೆನ್ನಾಗಿ ಬಿಡಿಸಲು ಯಾರು ಕಲಿಸಿದರು ಎಂದಷ್ಟೇ ಕೇಳಿದಳು.

"ಯಾರೂ ಇಲ್ಲ. ಕೈ ಹೋದ ಹಾಗೆ ಕತ್ತರಿಸ್ತೀನಿ," ಎಂದು ಅರ್ಸೆನಿಯೊ ನೆಲ ನೋಡಿದ. ಗ್ಯಾರೇಜಿನಲ್ಲಿ ಕೆಲಸವಿದೆ ಎಂದು ಬೇಗ ಹೊರಟುಹೋದ. ಭಾನುವಾರ ಗ್ಯಾರೇಜು ಮುಚ್ಚಿರುತ್ತದೆ.

ಲೆಕ್ಕಾಚಾರ ಕೇಳಿ ಅವಳ ಅಜ್ಜಿ ಪಾಸಿಂಗ್ ಮಿಠಾಯಿ ಚೀಪುತ್ತಲೇ, "ಏಳು ತಿಂದು ಎಂಟನೇದಕ್ಕೆ ಅಳ್ತೀಯಲ್ಲೇ. ನಿಮ್ಮ ತಾತ ನನಗೆ ಒಂದನ್ನೂ ಕೊಟ್ಟಿರ್ಲಿಲ್ಲ," ಎಂದಳು. ನೆನಿತಾ ನಗಲಿಲ್ಲ.

ಆ ಎಂಟನೆಯ ಹಾಳೆಯ ಮೇಲೆ ಅವಳು ಮನಸ್ಸಿನಲ್ಲೇ ಊರಿನ ಹುಡುಗಿಯರ ಹೆಸರನ್ನೆಲ್ಲ ಕತ್ತರಿಸಿ ನೋಡಿದಳು. ಔಷಧಿ ಅಂಗಡಿಯ ಫೆಲಿಸಾಳ ಹೆಸರು ಸರಿಯಾಗಿ ಕೂತಂತೆ ಕಂಡಿತು. ಬುಧವಾರ ಅಲ್ಲಿ ಬೇಡದ ತಲೆನೋವಿನ ಮಾತ್ರೆ ಕೊಂಡು, ಆ ಹಾಳೆಯನ್ನು ಇಟ್ಟುಕೊಂಡಿದ್ದಾಳೇನೋ ಎಂದು ಮೇಜಿನ ಗಾಜಿನ ಕೆಳಗೆ ಕಣ್ಣಾಡಿಸಿದಳು. ಸಂತರೊಬ್ಬರ ಚಿತ್ರ ಬಿಟ್ಟರೆ ಏನೂ ಇರಲಿಲ್ಲ. ಇಲ್ಲದ್ದರಿಂದ ಸಮಾಧಾನವೇನೂ ಆಗಲಿಲ್ಲ.

ಶುಕ್ರವಾರ ಮಧ್ಯಾಹ್ನ ಅವಳು ಹೇಳದೆ ಕೇಳದೆ ಅರ್ಸೆನಿಯೊನ ಮನೆಗೆ ಹೋದಳು. ಅವನ ಅಕ್ಕ ಸಲುದ್ ಒಳಗೆ ಕೂರಿಸಿ, ತಮ್ಮನ ದೆಸೆಯಿಂದ ಅಡುಗೆಮನೆಯೆಲ್ಲ ಹಾಲು ಸೀದ ವಾಸನೆ ಎಂದು ದೂರಿಕೊಂಡು, ಕುಡಿಯಲು ಏನಾದರೂ ತರಲು ಹೋದಳು. ಕಿಟಕಿಯ ಬಳಿ ಬಿಸ್ಕತ್ತಿನ ತಗಡಿನ ಡಬ್ಬಿಯಿತ್ತು. ನೆನಿತಾ ಮುಚ್ಚಳ ತೆಗೆದಳು.

ಆರು ಹಾಳೆಗಳು. ಜುಂಗಿಲ್ಲದ ಆರೂ ಬಳ್ಳಿಗಳ ಗುಂಟ ಪೆನ್ಸಿಲ್ ಗೆರೆ. ಬರೆದು, ಅಳಿಸಿ, ಮತ್ತೆ ಬರೆದು ಕಾಗದ ಅಲ್ಲಲ್ಲಿ ಸವೆದುಹೋಗಿತ್ತು. ನಡುವೆ ಹೆಸರನ್ನು ಕತ್ತರಿಸಿರಲಿಲ್ಲ. ಅಳತೆಪಟ್ಟಿ ಇಟ್ಟು ಮಾದರಿಗೆಂದು ಬರೆದಿದ್ದ, ಅವಳದೇ ಹೆಸರನ್ನು.

ತಲೆ ಎತ್ತಿದರೆ ಬಾಗಿಲಲ್ಲಿ ಅರ್ಸೆನಿಯೊ ನಿಂತಿದ್ದ. ಕೈಯೆಲ್ಲ ಗ್ರೀಸು.

"ಕೈ ಹೋದ ಹಾಗೆ ಅಂದಿದ್ದೆ ನೀನು," ಎಂದಳು ನೆನಿತಾ.

"ಊರಹಬ್ಬದಲ್ಲಿ ನಿಮ್ಮ ಜಗಲೀಲಿ ಯಾರೋ ಪೆನ್ಸಿಲ್ ಗೆರೆ ಎಳೆದಿರೋ ಕಾಗದ ತಂದಿದ್ರು. ಪೆನ್ಸಿಲ್ ಬೇಕಾದೋರು ಸ್ಕೂಲಿಗೆ ಹೋಗ್ಲಿ, ಕತ್ತರಿ ಯಾಕೆ ಮುಟ್ಟಬೇಕು ಅಂದೆ ನೀನು. ಎಲ್ರೂ ನಕ್ರು. ನಾನು ನಿಮ್ಮ ಬಾಗಿಲಲ್ಲೇ ರಿಪೇರಿಗೆ ಗಾಡಿ ಬಿಚ್ಚಿಕೊಂಡು ಕೂತಿದ್ದೆ."

ಅವಳಿಗೆ ನೆನಪಿರಲಿಲ್ಲ. ಅಂಥ ಮಾತು ಎಷ್ಟು ಸಲ ಆಡಿದ್ದಳೋ. ಅಜ್ಜಿಯ ಮನೆಯಲ್ಲಿ ಕಾಗದಕ್ಕೆ ಯಾರೂ ಪೆನ್ಸಿಲ್ ಮುಟ್ಟಿಸಿದವರಲ್ಲ. ಗೆರೆ ಎಳೆದು ಕತ್ತರಿಸುವವನೂ ಇರಬಹುದೆಂದು ಆರು ವಾರದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ. ಈಗ ಹಗುರಾಗಬೇಕಿತ್ತು. ಬದಲಿಗೆ, ಒಂದು ಪೆನ್ಸಿಲನ್ನು ಇಷ್ಟು ದಿನ ಬಚ್ಚಿಟ್ಟವನು ಇನ್ನೇನನ್ನು ಬಚ್ಚಿಡಬಹುದು ಎಂಬ ಯೋಚನೆ ಬಂತು. ತನ್ನೆದುರು ಬಚ್ಚಿಡದೆ ಇನ್ನೇನು ಮಾಡಿಯಾನು ಎಂಬುದೂ ಅದರ ಹಿಂದೆಯೇ ಬಂತು.

"ಭಾನುವಾರ ದೊಡ್ಡೋರು ಬರ್ಬೋದಾ?" ಎಂದು ಅವನು ಕೇಳಿದ.

"ಬರ್ಲಿ. ಆದ್ರೆ ಎಂಟೂ ತರಬೇಕು."

"ಮೇಲಿನದ್ರಲ್ಲಿ ಗೆರೆ ಇರುತ್ತೆ."

"ಇರ್ಲಿ."

ಭಾನುವಾರ ಹಿರಿಯರು ಬಂದರು. ಮಾತು ನಡೆಯಿತು, ದಿನವೂ ಗೊತ್ತಾಯಿತು. ಡಬ್ಬಿಯಲ್ಲಿ ಎಂಟಿದ್ದವು. ಕೊನೆಯದನ್ನು ನೆನಿತಾ ತಾನೇ ಬಿಚ್ಚಿದಳು. ಮಿಠಾಯಿ ಬಾಯಿಗಿಡುವ ಮೊದಲು ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅಳಿಸಿದ ಗೆರೆಗಳ ಅಡಿಯಲ್ಲೂ ತನ್ನ ಹೆಸರೇ ಇದೆಯೆಂದು ಖಾತ್ರಿಯಾದ ಮೇಲೆ ತಿಂದಳು.

ಅವಳು ಹಾಗೆ ಹಿಡಿದು ನೋಡಿದ್ದನ್ನು ಅರ್ಸೆನಿಯೊ ನೋಡಿದ.