ಸರ್ವಮಂಗಳಳ ದಿಂಬು, ಮೃತ್ಯುಂಜಯನ ಮುಖ

ನಾನು ಒಂದು ದಿಂಬು. ಅಪ್ಪಟ ಹತ್ತಿಯ ದಿಂಬು. ಈಗಿನ ಅಂಗಡಿಗಳಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಉಬ್ಬಿಕೊಂಡು ಕೂತಿರುತ್ತವಲ್ಲ, ಆ ಪೈಕಿ ಅಲ್ಲ. ನನ್ನನ್ನು ಹೊಲಿದವನು ಹರಿಹರದ ಹುಸೇನಸಾಬ್. ಬೇವಿನ ಮರದ ಕೆಳಗೆ ಚಾಪೆ ಹಾಸಿಕೊಂಡು, ಕಮಾನಿನ ತಂತಿ ಮೀಟುತ್ತ ಅವನು ಹತ್ತಿ ಹಿಂಜಲು ಕೂತರೆ ಬೀದಿಯ ಮಕ್ಕಳೆಲ್ಲ ಸುತ್ತ ಬಂದು ನಿಲ್ಲುತ್ತಿದ್ದರು. ಹತ್ತಿ ಅವರ ತಲೆಗೂದಲಿಗೆಲ್ಲ ಹತ್ತಿಕೊಳ್ಳುತ್ತಿತ್ತು. ಅಂಥ ಒಂದು ಬೆಳಿಗ್ಗೆ ನಾನು ಹುಟ್ಟಿದೆ.

ನನ್ನನ್ನು ಮಾಡಿಸಿದವಳು ಪಾರ್ವತಮ್ಮ. ಮಗಳು ಸರ್ವಮಂಗಳಳ ಮದುವೆ ಗೊತ್ತಾಗಿತ್ತು. ಅಳಿಯನಿಗೊಂದು, ಮಗಳಿಗೊಂದು ಎಂದು ಎರಡು ದಿಂಬು. ನಾನು ಮಗಳ ಪಾಲಿನವನು.

"ಗಟ್ಟಿ ತುಂಬಪ್ಪ ಸಾಬಣ್ಣ. ವರ್ಷ ತುಂಬೋದ್ರಾಗೆ ಚಪಾತಿ ಆಗ್ಬಾರ್ದು" ಎಂದಳು ಪಾರ್ವತಮ್ಮ.

"ಯೋಚ್ನೆ ಬಿಡ್ರಿ ಅಮ್ಮ. ನನ್ನ ದಿಂಬಿನ ಮ್ಯಾಲೆ ತಲೆ ಇಟ್ಟೋರಿಗೆ ಇವತ್ತಿನವರೆಗೂ ಕೆಟ್ಟ ಕನಸು ಬಿದ್ದಿಲ್ಲ" ಎಂದ ಹುಸೇನಸಾಬ್.

ನಾನು ಅದನ್ನು ನಂಬಿದೆ. ಹೊಸದಾಗಿ ಹುಟ್ಟಿದವರು ಏನು ಹೇಳಿದರೂ ನಂಬುತ್ತಾರೆ. ಸರ್ವಮಂಗಳ ನನಗೊಂದು ಗವಸು ಹೊಲಿದು, ಅದರ ಮೇಲೆ ಹಸಿರು ದಾರದಲ್ಲಿ ಎರಡು ಗಿಳಿ ಕಸೂತಿ ಹಾಕಿದಳು. ಆ ಗಿಳಿ ಹೊತ್ತುಕೊಂಡು ನಾನು ಮದುಮಗಳ ಟ್ರಂಕಿನ ಪಕ್ಕದಲ್ಲಿ ದಾವಣಗೆರೆಗೆ ಬಂದೆ.

ಯಜಮಾನನ ಹೆಸರು ಮೃತ್ಯುಂಜಯ. ಮಂಡಿಪೇಟೆಯಲ್ಲಿ ಸೈಕಲ್ ಬಿಡಿಭಾಗಗಳ ಅಂಗಡಿ ಇಟ್ಟಿದ್ದ. ಹೆಣ್ಣು ನೋಡಲು ಹೋದ ದಿನವೇ, "ನನಗೆ ಹಾರರ್ ಪಿಚ್ಚರ್ ಅಂದ್ರೆ ಪ್ರಾಣ. ಎಂಥಾ ದೆವ್ವ ಬಂದ್ರೂ ರೆಪ್ಪೆ ಮಿಟುಕ್ಸಲ್ಲ" ಎಂದು ಮೀಸೆ ತಿರುವಿದ್ದನಂತೆ. ಮದುವೆಯಾಗಿ ಬಂದ ಮೊದಲ ಭಾನುವಾರ ಒಂದು ಸಿ.ಡಿ. ತಂದ. ಊಟ ಮುಗಿದದ್ದೇ ತಡ, ಹಜಾರದ ಕಿಟಕಿಗಳಿಗೆ ಕಂಬಳಿ ಕಟ್ಟಿ ಕತ್ತಲೆ ಮಾಡಿದ. ಹೊರಗೆ ನೆತ್ತಿ ಸುಡುವ ಬಿಸಿಲು, ಸೊಪ್ಪಿನವಳ ಕೂಗು. ರಾತ್ರಿಯೇ ನೋಡಬಹುದಲ್ಲ ಎಂದು ಸರ್ವಮಂಗಳ ಕೇಳಿದ್ದಕ್ಕೆ, ರಾತ್ರಿ ಕರೆಂಟಿನದು ನಂಬಿಕೆಯಿಲ್ಲ ಎಂದ. ನನಗೆ ಆಗಲೇ ಅನುಮಾನ ಬರಬೇಕಿತ್ತು.

ಪರದೆಯ ಮೇಲೆ ಯಾವುದೋ ಬಂಗಲೆಯ ಬಾಗಿಲು ಕಿರ್ ಎಂದಿತು. ಮೃತ್ಯುಂಜಯ ನನ್ನನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡ. ಇನ್ನೊಮ್ಮೆ ಕಿರ್ ಎಂದಿತು. ನನ್ನನ್ನು ಎದೆಗೆ ಅವಚಿಕೊಂಡ. ಬಾಗಿಲು ಪೂರ್ತಿ ತೆರೆಯುವಷ್ಟರಲ್ಲಿ ಅವನ ಮುಖ ಇಡಿಯಾಗಿ ನನ್ನೊಳಗಿತ್ತು. ಕಣ್ಣು, ಮೂಗು, ಮೀಸೆ ಎಲ್ಲ.

"ಬಂತಾ?" ಎಂದ, ನನ್ನ ಹತ್ತಿಯ ಒಳಗಿನಿಂದ.

"ಬಂತು. ಕಂಬದ ಹಿಂದೆ ನಿಂತೈತೆ."

"ಈಗ? ಹೋಯ್ತಾ?"

"ಇಲ್ಲರೀ. ನಿಮ್ಮನ್ನೇ ನೋಡ್ತೈತೆ" ಎಂದು ಸರ್ವಮಂಗಳ ನಕ್ಕಳು. ಚುಚ್ಚುವ ನಗುವಲ್ಲ ಅದು. ಆಮೇಲೆ ಪೂರ್ತಿ ಕತೆಯನ್ನು ಅವಳೇ ಹೇಳುತ್ತ ಹೋದಳು. ಅದುವರೆಗೆ ಒಂದೂ ದೆವ್ವದ ಸಿನಿಮಾ ನೋಡದಿದ್ದವಳು ಬಾಯಿಗೆ ಸೆರಗು ಕೂಡ ಅಡ್ಡ ಹಿಡಿಯದೆ, ಪಾಪ, ಏನು ಕಷ್ಟವೋ ಏನೋ ಎಂಬಂತೆ ದೆವ್ವವನ್ನೇ ನೋಡುತ್ತಿದ್ದಳು.

ಹೀಗೆ ನಮ್ಮ ಮೂವರ ಸಂಸಾರ ಶುರುವಾಯಿತು. ಭಾನುವಾರ ಬಂತೆಂದರೆ ಕಂಬಳಿ, ಕತ್ತಲೆ, ಸಿನಿಮಾ. ಸಿ.ಡಿ. ಹೋಯಿತು, ಡಿಶ್ ಬಂತು, ಆಮೇಲೆ ಮೊಬೈಲಿನಿಂದ ಟೀವಿಗೆ ಹಾಕುವುದು ಬಂತು. ಅವನು ಕುರುಡ, ಅವಳು ಕಣ್ಣು, ನಾನು ನಡುವೆ. ಅವನ ಬೆವರು, ಎಣ್ಣೆ, ಒಮ್ಮೊಮ್ಮೆ ಕಣ್ಣೀರು, ಎಲ್ಲ ಕುಡಿದೆ. ಅವನು ಬಾಯಿ ತೆರೆದು ಅರಚಿದಾಗ ಸದ್ದು ಪಕ್ಕದ ಮನೆಗೆ ಹೋಗದಂತೆ ನುಂಗಿಕೊಂಡೆ. ನಿಜ ಹೇಳುತ್ತೇನೆ, ನನಗೆ ಅವನ ಮೇಲೆ ಅಕ್ಕರೆಯಿತ್ತು. ಹೆಂಡತಿಯ ಎದುರು ಹೆದರಲು ನಾಚದ ಗಂಡಸು ಎಂದುಕೊಂಡಿದ್ದೆ.

ಇವನಿಗೊಂದು ಕೂಟವಿತ್ತು. ಶನಿವಾರ ಸಂಜೆ ಬಶೀರನ ಫೋಟೋ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಇವನು, ಬಶೀರ, ಮತ್ತೆ ಹಿಟ್ಟಿನ ಗಿರಣಿಯ ತಿಪ್ಪೇಸ್ವಾಮಿ ಸೇರುತ್ತಿದ್ದರು. ಆ ವಾರ ನೋಡಿದ ದೆವ್ವದ ಚಿತ್ರದ ಬಗ್ಗೆ ಪ್ರತಿಯೊಬ್ಬರೂ ತಮ್ಮ ಅಭಿಪ್ರಾಯ ಹೇಳಬೇಕು. ಕೂಟಕ್ಕೆ ಇದ್ದದ್ದು ಒಂದೇ ಕಟ್ಟಳೆ: ಚಿತ್ರ ನೋಡುವಾಗ ಕಣ್ಣು ಮುಚ್ಚಿದವನು ಅದನ್ನು ಒಪ್ಪಿಕೊಂಡು, ಆ ಸಂಜೆ ಎಲ್ಲರಿಗೂ ಮಂಡಕ್ಕಿ ಮೆಣಸಿನಕಾಯಿ ಕೊಡಿಸಬೇಕು. ಬಶೀರ ಆಗಾಗ ಕೊಡಿಸುತ್ತಿದ್ದ. ತಿಪ್ಪೇಸ್ವಾಮಿಯಂತೂ ವಾರ ಬಿಟ್ಟು ವಾರ. ಮೃತ್ಯುಂಜಯ ಮಾತ್ರ ಒಮ್ಮೆಯೂ ಕೊಡಿಸಿರಲಿಲ್ಲ ಎಂಬುದು ನನಗೆ ಬಹಳ ತಡವಾಗಿ ತಿಳಿಯಿತು.

ಶುಕ್ರವಾರ ರಾತ್ರಿ ಹೆಂಡತಿ ನಿದ್ದೆ ಹೋದ ಮೇಲೆ ಅವನು ಕೈಗೆ ಸಿಕ್ಕ ದಿಂಬು ಎಳೆದುಕೊಳ್ಳುತ್ತಿದ್ದ. ಬಹಳ ಸಲ ನಾನೇ ಸಿಗುತ್ತಿದ್ದೆ. ನನ್ನ ಮೇಲೆ ತಲೆಯಿಟ್ಟು, ಅವಳು ಭಾನುವಾರ ಆಡಿದ ಮಾತುಗಳನ್ನು ಪಿಸುಗುಟ್ಟಿ ಉರು ಹೊಡೆಯುತ್ತಿದ್ದ. ಎಲ್ಲಾದರೂ ಒಂದು ಪದ ತಪ್ಪಿದರೆ ಮತ್ತೆ ಮೊದಲಿನಿಂದ ಹೇಳಿಕೊಳ್ಳುತ್ತಿದ್ದ. ಹೆಂಡತಿಯ ಮಾತೆಂದರೆ ಎಷ್ಟು ಪ್ರೀತಿ ನೋಡು ಎಂದು ನನ್ನ ಹತ್ತಿ ಹಗುರಾಗುತ್ತಿತ್ತು. ಎಂಥ ಪೆದ್ದು ದಿಂಬು ನಾನು!

ಒಂದು ಭಾನುವಾರ ಹೊಸ ಚಿತ್ರ. ಹಳೆಯ ಮನೆಯೊಂದರ ಅಡುಗೆಕೋಣೆಯಲ್ಲಿ ಹೆಣ್ಣು ದೆವ್ವವೊಂದು ಪಾತ್ರೆಗಳನ್ನೆಲ್ಲ ದಡಬಡ ಎಂದು ಬೀಳಿಸುತ್ತದೆ. ಮೃತ್ಯುಂಜಯ ನನ್ನನ್ನು ಹಿಂಡಿ ಹಿಪ್ಪೆ ಮಾಡುತ್ತಿದ್ದ. "ಯಾರನ್ನ ಸಾಯಿಸ್ತೈತೆ?" ಎಂದು ಕೇಳಿದ. ಸರ್ವಮಂಗಳ ಪರದೆಯ ಕಡೆ ಬಾಗಿ ನೋಡಿದಳು.

"ಯಾರನ್ನೂ ಇಲ್ಲರೀ" ಎಂದಳು. "ಅದು ತನ್ನ ತಟ್ಟೆ ಹುಡುಕ್ತೈತೆ. ನಮ್ಮಕ್ಕ ಒಬ್ಳಿದ್ಲು. ನಾನು ಸಣ್ಣೋಳಿದ್ದಾಗ ಜ್ವರ ಬಂದು ಹೋಗ್ಬಿಟ್ಲು. ಅವ್ವ ಊಟಕ್ಕೆ ಕೂತಾಗೆಲ್ಲ ಅವಳ ತಟ್ಟೇನೂ ಇಡೋಳು. ಯಾರೋ ಬೈದ್ರು. ಅವತ್ತಿಂದ ಅವ್ವ ಅದನ್ನ ಗೂಡಿನಾಗೆ ಬೋರಲು ಹಾಕಿಟ್ಲು. ನಾನು ಯಾರಿಗೂ ಕಾಣದಂಗೆ ಹೋಗಿ ಅಂಗಾತ ಮಾಡ್ತಿದ್ದೆ. ಅಕ್ಕ ಬಂದ್ರೆ ಬೋರಲು ತಟ್ಟೆ ನೋಡಿ, ನನ್ನನ್ನ ಬ್ಯಾಡ ಅಂದ್ರು ಅಂತ ತಿಳ್ಕೊಂಬಾರ್ದಲ್ಲ. ಇದನ್ನ ಯಾರಿಗೂ ಹೇಳಿಲ್ಲ ನಾನು."

ಕತ್ತಲಲ್ಲಿ ಅವಳ ಕೈ ಬಂದು ನನ್ನ ಮೇಲೆ, ಗಿಳಿಯ ಮೇಲೆ ಕೂತಿತು. ಆ ಅಕ್ಕನ ಹೆಸರನ್ನು ಅವಳು ಹೇಳಿರಲಿಲ್ಲ. ಅವನು ಕೇಳಲೂ ಇಲ್ಲ. "ದೆವ್ವ ಹೋಯ್ತಾ?" ಎಂದಷ್ಟೇ ಕೇಳಿದ.

ಆ ಶನಿವಾರ ಬಶೀರನ ಸ್ಟುಡಿಯೋಗೆ ಸುಣ್ಣ ಬಳಿಯುತ್ತಿದ್ದರು. ಹಾಗಾಗಿ ಕೂಟ ಮೊದಲ ಬಾರಿಗೆ ನಮ್ಮ ಮನೆಯಲ್ಲೇ ಸೇರಿತು. ನಾನು ಸೋಫಾದ ಮೇಲೆ ಬಶೀರನ ಬೆನ್ನಿಗೆ ಆತುಕೊಂಡಿದ್ದೆ. ಮೂವರೂ ಅದೇ ಪಾತ್ರೆ ದೆವ್ವದ ಚಿತ್ರ ನೋಡಿದ್ದರು.

"ದೆವ್ವ ಬರೋಕ್ಕಿಂತ ಮುಂಚೆ ಅಷ್ಟು ಜೋರು ಮ್ಯೂಸಿಕ್ ಯಾಕ್ ಬೇಕು? ಅದು ದೆವ್ವಾನಾ, ಮದುವೆ ದಿಬ್ಬಣಾನಾ?" ಎಂದ ಬಶೀರ. "ಆದ್ರೂ ಆ ಬಾವಿ ಸೀನಲ್ಲಿ ನಾನು ಕಣ್ಮುಚ್ಚಿದೆ. ಮಂಡಕ್ಕಿ ನಂದೇ."

"ನನಗೆ ಒಂದೇ ಡೌಟು" ಎಂದ ತಿಪ್ಪೇಸ್ವಾಮಿ. "ಸತ್ತು ಅಷ್ಟು ವರ್ಷ ಆದ್ರೂ ಆಯಮ್ಮನ ಬಿಳಿ ಸೀರೆ ಅಷ್ಟು ಬೆಳ್ಳಗೆ ಹೆಂಗೈತೆ? ನನ್ನ ಅಂಗಿ ಗಿರಣಿಗೆ ಹೋಗಿ ಬಂದ್ರೆ ಒಂದಿನಕ್ಕೇ ಹಿಟ್ಟಿನ ಚೀಲ ಆಗ್ತೈತೆ."

ಎಲ್ಲರೂ ನಕ್ಕರು. ಬಶೀರ ತರಿಸಿದ ಮಂಡಕ್ಕಿ ಮೆಣಸಿನಕಾಯಿಯನ್ನು ತಟ್ಟೆಗಳಿಗೆ ಹಾಕಿಕೊಂಡು ಸರ್ವಮಂಗಳ ಅಡುಗೆಮನೆಯಿಂದ ಹೊರಟಿದ್ದಳು. ಮೃತ್ಯುಂಜಯ ಕೊನೆಯಲ್ಲಿ ಮಾತಾಡುವವನು, ದೊಡ್ಡವರ ರೀತಿ. ಗಂಟಲು ಸರಿಮಾಡಿಕೊಂಡ.

"ನೀವಿಬ್ರೂ ದೆವ್ವ ನೋಡಿದ್ರಿ, ಅದರ ನೋವು ನೋಡ್ಲಿಲ್ಲ. ಅದು ತನ್ನ ತಟ್ಟೆ ಹುಡುಕ್ತಿತ್ತು ಕಣ್ರಪ್ಪಾ. ನನಗೊಬ್ಬಳು ಅಕ್ಕ ಇದ್ಲು…"

ಪೂರ್ತಿ ಹೇಳಿದ. ಜ್ವರ, ಗೂಡು, ಬೋರಲು ತಟ್ಟೆ, ಕಳ್ಳ ಹೆಜ್ಜೆಯಲ್ಲಿ ಹೋಗಿ ಅಂಗಾತ ಮಾಡಿದ್ದು, ಒಂದನ್ನೂ ಬಿಡಲಿಲ್ಲ. ಅವಳು ತಡೆದು ನಿಂತ ಕಡೆ ಇವನೂ ತಡೆದು ನಿಂತ. ಒಬ್ಬನೇ ಮಗನಾಗಿ ಹುಟ್ಟಿ ಬೆಳೆದವನು! ಬಶೀರನ ಬೆನ್ನು ನನ್ನ ಮೇಲೆ ಅದುರುತ್ತಿತ್ತು. ಅವನು ಅಳುತ್ತಿದ್ದ.

"ಮೃತ್ಯುಂಜಯಣ್ಣ, ಇಷ್ಟು ವರ್ಷದಾಗೆ ಒಂದಿನಾನೂ ಹೇಳ್ಲಿಲ್ವಲ್ಲ ನೀವು. ಅಕ್ಕನ ಹೆಸರೇನಣ್ಣ?"

ಇದು ಪಾಠದಲ್ಲಿ ಇರಲಿಲ್ಲ. ಮೃತ್ಯುಂಜಯ ಮೇಲೆ ನೋಡಿದ, ಕೆಳಗೆ ನೋಡಿದ. "ರೇಣುಕಾ" ಎಂದ.

ಸರ್ವಮಂಗಳ ಬಾಗಿಲ ಬಳಿ ತಟ್ಟೆ ಹಿಡಿದು ನಿಂತಿದ್ದಳು. ಅವಳ ಮುಖ ನಾನು ನೋಡಿದೆ. ಯಾವ ದೆವ್ವದ ಎದುರೂ ಅವಳ ಮುಖ ಹಾಗೆ ಆಗಿರಲಿಲ್ಲ.

ತಿಪ್ಪೇಸ್ವಾಮಿಗೆ ಏನು ತಿಳಿಯಬೇಕು, ಪಾಪ. "ಅಕ್ಕಾರೆ, ಎಂಥಾ ಮನುಷ್ಯನ ಜತೆ ಇದ್ದೀರಿ! ನೀವೂ ನೋಡ್ತೀರೇನು ಈ ಪಿಚ್ಚರು?" ಎಂದ.

ಅವಳು ಬಾಯಿ ತೆರೆಯುವ ಮೊದಲೇ ಮೃತ್ಯುಂಜಯ ಜೋರಾಗಿ ನಕ್ಕ. "ಇವಳಾ? ಟೈಟಲ್ ಬರೋದ್ರಾಗೆ ಮುಖ ಮುಚ್ಕೊಂತಾಳೆ. ಅಗಾ, ಆ ದಿಂಬು ನೋಡ್ರಿ ಹೆಂಗೆ ಜಜ್ಜಿ ಹೋಗೈತೆ. ಎಲ್ಲಾ ಇವಳ ಭಯಾನೇ."

ಎಲ್ಲರೂ ನನ್ನ ಕಡೆ ತಿರುಗಿದರು. ಬಶೀರ ನನ್ನನ್ನು ಕೈಗೆತ್ತಿಕೊಂಡು, ನನ್ನ ಹೊಟ್ಟೆಯಲ್ಲಿ ಬಿದ್ದಿದ್ದ ಗುಳಿಯನ್ನು ತೋರಿಸಿ ಅವಳನ್ನು ನೋಡಿ ಅಕ್ಕರೆಯಿಂದ ನಕ್ಕ. ಅದು ಯಾರ ಮೂಗಿನ ಗುಳಿ ಎಂದು ನನಗೆ ಗೊತ್ತಿತ್ತು. ಇಷ್ಟು ವರ್ಷ ಅವನ ಮಾನವನ್ನು ಹೊಟ್ಟೆಯಲ್ಲಿ ಇಟ್ಟುಕೊಂಡದ್ದಕ್ಕೆ, ಅವಳ ಮೇಲೆ ಸುಳ್ಳು ಸಾಕ್ಷಿ ಹೇಳಲು ನನ್ನನ್ನೇ ನಿಲ್ಲಿಸಿದ. ನನಗೆ ಮೈಯೆಲ್ಲ ಉರಿದುಹೋಯಿತು. ಸರ್ವಮಂಗಳ ತಟ್ಟೆಗಳನ್ನು ಇಟ್ಟಳು. "ಹೂಂ, ಭಯ ನಂಗೆ" ಎಂದು ಒಳಗೆ ಹೋದಳು.

ಅವರೆಲ್ಲ ಹೋದ ಮೇಲೆ ಅವಳು ಒಂದೇ ಪ್ರಶ್ನೆ ಕೇಳಿದಳು. "ನಿಮಗೆ ಅಕ್ಕ ಯಾವಾಗ ಇದ್ರು?"

"ಅಯ್ಯೋ, ಏನೋ ಮಾತಿಗೆ ಹೇಳ್ದೆ ಕಣೆ. ಸಿನಿಮಾ ವಿಷಯ ತಾನೆ? ಗಂಡ ಹೆಂಡ್ತೀಲಿ ನಿನ್ನ ಮಾತು ನನ್ನ ಮಾತು ಅಂತ ಬೇರೆ ಇರ್ತೈತಾ?"

"ಹಂಗಾದ್ರೆ ಭಯಾನೂ ಬೇರೆ ಇರ್ಬಾರ್ದಿತ್ತು. ಅದನ್ನೊಂದು ಮಾತ್ರ ಪೂರ್ತಿ ನನಗೇ ಕೊಟ್ರಲ್ಲ."

ಅವನು ರಿಮೋಟ್ ಎತ್ತಿಕೊಂಡ. ಟೀವಿಯಲ್ಲಿ ವಾರ್ತೆ ಹಾಕಿದ.

ಮರುದಿನ ಭಾನುವಾರ. ಎಲ್ಲ ಸರಿಹೋಯಿತೆಂದುಕೊಂಡು ಅವನು ಎಂದಿನ ಹಾಗೆ ಕಂಬಳಿ ಕಟ್ಟಿದ, ಚಿತ್ರ ಹಾಕಿದ. ಅವಳು ಬಂದು ಪಕ್ಕದಲ್ಲಿ ಕೂತಳು. ಒಂದು ಹೆಣ್ಣಿನ ನಗು ಕೇಳಿಸಿದ್ದೇ ಅವನು ನನ್ನೊಳಗೆ ಇಳಿದ.

"ಬಂತಾ?"

"ಇನ್ನೂ ಇಲ್ಲ" ಎಂದಳು. ಆಮೇಲೆ ಮೆಲ್ಲಗೆ ಎದ್ದಳು. ಸೋಫಾದ ಸ್ಪ್ರಿಂಗು ಒಂದಿಷ್ಟು ಮೇಲೆ ಬಂದದ್ದು ನನಗೆ ತಿಳಿಯಿತು, ಅವನಿಗೆ ತಿಳಿಯಲಿಲ್ಲ. ಬಾಗಿಲು ತೆರೆದು ಮುಚ್ಚಿದ ಸದ್ದಾಯಿತು. ಅದೂ ಸಿನಿಮಾದ ಬಾಗಿಲೇ ಎಂದುಕೊಂಡು ಅವನು ನನ್ನನ್ನು ಇನ್ನಷ್ಟು ಬಿಗಿಹಿಡಿದ.

"ಈಗ ಬಂತಾ? ಏ ಮಂಗಳಾ, ಎಲ್ಲೈತೆ?" ಉತ್ತರವಿಲ್ಲ. "ಹೋಯ್ತಾ? ಹೇಳೇ, ಹೋಯ್ತಾ?" ಪರದೆಯಲ್ಲಿ ಯಾರೋ ಕಿರುಚಿದರು, ಗಾಜು ಒಡೆಯಿತು. ಅವನು ಕೇಳುತ್ತಲೇ ಇದ್ದ, ಬರಬರುತ್ತ ಸಣ್ಣ ದನಿಯಲ್ಲಿ. ತಲೆಯೆತ್ತಿ ಪಕ್ಕಕ್ಕೆ ನೋಡುವ ಧೈರ್ಯ ಮಾತ್ರ ಆಗಲಿಲ್ಲ. ಕೊನೆಯ ಹೆಸರುಗಳೂ ಮುಗಿದು ಟೀವಿ ತಾನೇ ಸುಮ್ಮನಾದ ಮೇಲೆ ಮುಖ ತೆಗೆದ. ಹೊರಗೆ ಜಗಲಿಯ ಮೇಲೆ ಅವಳು ಬಶೀರನ ಹೆಂಡತಿ ಮೆಹರುನ್ನೀಸಾಳೊಂದಿಗೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು.

ಮುಂದಿನ ಶನಿವಾರ ಅವನು ಕೂಟಕ್ಕೆ ಜ್ವರದ ನೆಪ ಹೇಳಿದ. ಆಮೇಲೆ ಅಂಗಡಿಯ ನೆಪ. ಕೊನೆಗೆ, ಈಗಿನ ದೆವ್ವದ ಚಿತ್ರಗಳಲ್ಲಿ ಸತ್ವವೇ ಇಲ್ಲ, ಅದಕ್ಕೇ ಬಿಟ್ಟೆ ಎಂದು ಸಾರಿದ. ಬಶೀರನೂ ತಿಪ್ಪೇಸ್ವಾಮಿಯೂ ಅದನ್ನೂ ನಂಬಿ, ಅವನ ರುಚಿಯೇ ಬೇರೆ ಎಂದು ಇನ್ನಷ್ಟು ಗೌರವ ಕೊಟ್ಟರು. ಅವನು ನಿಜ ಹೇಳಲಿಲ್ಲ. ಒಂದು ತಟ್ಟೆ ಮಂಡಕ್ಕಿಯನ್ನೂ ಕೊಡಿಸಲಿಲ್ಲ.

ನನ್ನ ಪಾಡು ಕೇಳಿ. ಸರ್ವಮಂಗಳ ಒಂದು ದಿನ ನನ್ನ ಗವಸು ಕಳಚಿ ಒಗೆದು, ಗಿಳಿಗಳ ಸಮೇತ ಅದನ್ನು ಇನ್ನೊಂದು ದಿಂಬಿಗೆ ಹಾಕಿದಳು. ನನ್ನನ್ನು ಮೂಸಿ ನೋಡಿ ಮುಖ ಹಿಂಡಿದಳು. ತಾಯಿ ಅವಳಿಗೆಂದೇ ಮಾಡಿಸಿದ ದಿಂಬು ನಾನು. ಆದರೆ ನನ್ನಲ್ಲಿ ತುಂಬಿದ್ದದ್ದು ಅವನ ವಾಸನೆ. ನಡೆದದ್ದನ್ನೆಲ್ಲ ಕಂಡವನು ನಾನೊಬ್ಬನೇ, ನಾನು ನಿನ್ನ ಕಡೆಯವನು ತಾಯಿ ಎಂದು ಕೂಗಬೇಕೆನ್ನಿಸಿತು. ದಿಂಬಿಗೆ ಬಾಯಿ ಎಲ್ಲಿಂದ ಬರಬೇಕು? ಹಜಾರದ ಮೇಲಿನ ಹಲಗೆಯ ಅಟ್ಟಕ್ಕೆ ಎಸೆದಳು. ಅವನು ಮಾಡಿದ ಮೋಸಕ್ಕಿಂತ ಅದರಿಂದ ನನಗೆ ಹೆಚ್ಚು ನೋವಾಯಿತು.

ಈಗ ನನಗೆ ವಯಸ್ಸಾಗಿದೆ. ಹತ್ತಿ ಗಂಟುಗಂಟಾಗಿದೆ, ಒಂದು ಮೂಲೆಯನ್ನು ಇಲಿ ತಿಂದಿದೆ. ಆದರೂ ಭಾನುವಾರ ಮಧ್ಯಾಹ್ನ ಬಂದರೆ ಕಿವಿ ನೆಟ್ಟಗಾಗುತ್ತದೆ. ಕೆಳಗೆ ಸರ್ವಮಂಗಳ, ಮೆಹರುನ್ನೀಸಾ, ಟೈಲರ್ ಕೊಟ್ರಮ್ಮ ಮೂವರೂ ಕಿಟಕಿ ತೆರೆದಿಟ್ಟುಕೊಂಡೇ ದೆವ್ವದ ಚಿತ್ರ ನೋಡುತ್ತಾರೆ. "ಕಾಲೇ ಇಲ್ದಿರೋ ದೆವ್ವ ಗೆಜ್ಜೆ ಎಲ್ಲಿಗೆ ಕಟ್ಕೊಂತು?" ಎನ್ನುತ್ತಾಳೆ ಕೊಟ್ರಮ್ಮ. ಮೆಹರುನ್ನೀಸಾ ಬಾಯಿಬಿಟ್ಟೇ ಅರಚುತ್ತಾಳೆ, ಕಣ್ಣು ಮುಚ್ಚಿದೆ ಎಂದು ತಾನೇ ಹೇಳಿ ಮಂಡಕ್ಕಿ ತರಿಸುತ್ತಾಳೆ. ಯಾರಿಗೂ ದಿಂಬು ಬೇಕಾಗುವುದಿಲ್ಲ.

ಕಳೆದ ಭಾನುವಾರ ಮೃತ್ಯುಂಜಯ ಹಳೆಯ ಕೊಡೆ ಹುಡುಕುವ ನೆಪದಲ್ಲಿ ಅಟ್ಟ ಹತ್ತಿದ. ಕೊಡೆ ಕಣ್ಣೆದುರೇ ಇತ್ತು, ಮುಟ್ಟಲಿಲ್ಲ. ಹಲಗೆಯ ಸಂದಿಯ ಪಕ್ಕ ಕುಕ್ಕರುಗಾಲಲ್ಲಿ ಕೂತ. ಕೆಳಗೆ ಪಾತ್ರೆಗಳು ದಡಬಡ ಬಿದ್ದ ಸದ್ದಾಯಿತು. ಅದೇ ಹಳೆಯ ಚಿತ್ರ. ಅವನ ಕೈ ತಾನಾಗಿಯೇ ತಡಕಾಡಿ ನನ್ನನ್ನು ಹಿಡಿಯಿತು. ಮುಖ ಬಂದು ಹಳೆಯ ಗುಳಿಯಲ್ಲಿ ಕೂತಿತು.

"ಇದು ಯಾರನ್ನ ಸಾಯಿಸ್ತೈತೆ ಅಕ್ಕಾ?" ಎಂದು ಕೆಳಗಿನಿಂದ ಕೊಟ್ರಮ್ಮನ ದನಿ.

"ಯಾರನ್ನೂ ಇಲ್ಲ. ತನ್ನ ತಟ್ಟೆ ಹುಡುಕ್ತೈತೆ" ಎಂದಳು ಸರ್ವಮಂಗಳ. ಮೊದಲಿನಿಂದ ಹೇಳಿದಳು, ಜ್ವರ, ಗೂಡು, ಬೋರಲು ತಟ್ಟೆ. ಮೃತ್ಯುಂಜಯ ನನ್ನಿಂದ ಒಂದು ಕಿವಿ ಹೊರಗಿಟ್ಟು ಆಲಿಸಿದ.

"ಪಾಪ. ಹೆಸರೇನಕ್ಕಾ ಅವಳದ್ದು?" ಎಂದು ಮೆಹರುನ್ನೀಸಾ ಕೇಳಿದಳು.

"ದಾಕ್ಷಾಯಿಣಿ. ನಾನು ದಾಕ್ಷಿ ಅಂತಿದ್ದೆ."

ಅವನು ಆ ಹೆಸರನ್ನು ಕೇಳಿದ್ದು ಅದೇ ಮೊದಲು. ನನ್ನ ಹತ್ತಿ ನಿಧಾನವಾಗಿ ಒದ್ದೆಯಾಯಿತು. ಹೊಸದೇನಲ್ಲ, ಅವನ ಕಣ್ಣೀರು ಎಷ್ಟೋ ಸಲ ಕುಡಿದಿದ್ದೇನೆ. ಆದರೆ ಈ ಸಲ ಅವನು ಏನನ್ನೂ ಕೇಳಲಿಲ್ಲ. ಕೇಳಿದ್ದರೂ ಹೇಳಲು ಪಕ್ಕದಲ್ಲಿ ಯಾರೂ ಇರಲಿಲ್ಲ.