ಪುಟ್ಟ ದೇವಿಯ ಒಡೆಯ

ಗಾಳಿ ಸಮುದ್ರದ ಕಡೆಯಿಂದಲೇ ಬರುತ್ತಿದೆ, ಕೆಸರಿನ ವಾಸನೆ, ನೀರು ಇಳಿದಿರಬೇಕು, ಇಂಚಿಯಾನ್‌ನಲ್ಲಿ ಹುಟ್ಟಿದವಳು ಅದನ್ನು ಕಣ್ಣಿಂದ ನೋಡಿ ತಿಳಿಯಬೇಕಾಗಿಲ್ಲ — ಈ ಕ್ಯುತೆ ಇನ್ನೂ ಫೋನು ನಿಲ್ಲಿಸುವ ಮುಕ್ಕಾಲಿಯ ಜೊತೆ ಗುದ್ದಾಡುತ್ತಿದ್ದಾನೆ, ಒಂದು ಕಾಲು ಕಲ್ಲಿನ ಮೇಲೆ ನಿಂತರೆ ಇನ್ನೊಂದು ಜಾರುತ್ತದೆ, ಜಾರಲಿ, ಫೋನು ಹೋಗಿ ಬೆಂಕಿಗೇ ಬೀಳಲಿ, ಆಮೇಲೆ ಫೋಟೋ ಕೊಂಡ ಆ ಒಡೆಯನಿಗೆ ಏನು ತೋರಿಸುತ್ತಾನೋ ನೋಡೋಣ. ಚಿಕ್ಕಮ್ಮ, ಸ್ವಲ್ಪ ಬೆಳಕಿನ ಕಡೆ ಹಿಡ್ಕೊಳ್ಳಿ, ಮುಖ ಕಾಣ್ಬೇಕಂತೆ. ಮುಖ ಕಾಣಬೇಕಂತೆ! ಮಡಿಲಲ್ಲಿ ಸುರುಳಿ ಬಿಚ್ಚಿಕೊಂಡು ಕೂತಿದ್ದೇನೆ, ನಾನೇ ಚಿತ್ರ ಬರೆದ ರೇಷ್ಮೆ, ಕೆಂಪು ಲಂಗ ಇನ್ನೂ ಮಾಸಿಲ್ಲ, ಹಳದಿ ರವಿಕೆ ಮಾತ್ರ ಊದುಬತ್ತಿಯ ಹೊಗೆಗೆ ಕಂದಿದೆ, ಪುಟ್ಟ ದೇವಿ ನನ್ನನ್ನೇ ನೋಡುತ್ತಿದ್ದಾಳೆ, ಎಲ್ಲಿ ಕೂತರೂ ನೋಡುತ್ತಾಳೆ, ಹಾಗೆ ಬರೆಯುವುದು ನನಗೆ ಗೊತ್ತಿತ್ತು, ಗೊತ್ತಿಲ್ಲದಿದ್ದರೆ ಚೆನ್ನಾಗಿತ್ತು. ಒಕ್‌ನ್ಯೊ ಅಕ್ಕನನ್ನು ಮೊನ್ನೆ ಮಣ್ಣು ಮಾಡಿ ಬಂದೆವು. ನಮ್ಮಲ್ಲಿ ಮೈಮೇಲೆ ದೇವರು ಬರುವವಳು ತೀರಿಕೊಂಡರೆ ಅವಳ ಪೂಜೆಮನೆಯ ದೇವರ ಚಿತ್ರಗಳನ್ನೆಲ್ಲ ಸುಡಬೇಕು, ಇಲ್ಲದಿದ್ದರೆ ಆ ದೇವರುಗಳು ಹೊರಡುವುದಿಲ್ಲ, ಕರೆಯುವವರಿಲ್ಲದ ಗೋಡೆಯ ಮೇಲೆ ಹಸಿದು ಕೂತಿರುತ್ತವೆ. ಬೆಟ್ಟದಜ್ಜನನ್ನು ಸುಟ್ಟಾಯಿತು, ಅವನ ಹುಲಿಯನ್ನೂ, ಕತ್ತಿ ಹಿಡಿದ ಸೇನಾಪತಿಯನ್ನೂ ಸುಟ್ಟಾಯಿತು, ಅವನ್ನು ನಾನೇ ಬೆಂಕಿಗೆ ಕೊಟ್ಟೆ. ಉಳಿದವಳು ಇವಳೊಬ್ಬಳು. ಅಕ್ಕನ ಶಿಷ್ಯೆ ಹ್ವಾಜಿನ್ ಬೆಂಕಿ ಕೆದಕುತ್ತಿದ್ದಾಳೆ, ನನ್ನ ಮುಖ ನೋಡುವುದಿಲ್ಲ, ತನ್ನ ತಮ್ಮ ಕ್ಯುತೆಯ ಮುಖವನ್ನಂತೂ ನೋಡುವುದೇ ಇಲ್ಲ.

ನನ್ನ ಮಗಳು ದಾಲ್ರೆ ತನ್ನ ಅಜ್ಜಿಯ ಜೊತೆ, ನನ್ನ ಅತ್ತೆಯ ಜೊತೆ, ಚಿಪ್ಪು ಹೆಕ್ಕಲು ಕೆಸರಿಗೆ ಇಳಿದಿದ್ದಳು, ಏಳು ವರ್ಷದವಳು, ಹೊಸ ಬೂಟು ಬೇಕೆಂದು ಹಟ ಹಿಡಿದು ಹಾಕಿಸಿಕೊಂಡು ಹೋದವಳು, ಮಂಜು ಕವಿಯಿತಂತೆ, ನೀರು ಎದುರಿಂದ ಬರಲಿಲ್ಲವಂತೆ, ಬೆನ್ನ ಹಿಂದಿನಿಂದ ಬಂತಂತೆ, ಎಲ್ಲ ಅಂತೆ, ನಾನು ಆಗ ಬಣ್ಣ ಅರೆಯುತ್ತಾ ಕೂತಿದ್ದೆ. ಅತ್ತೆಯ ಹೆಣ ಸಿಕ್ಕಿತು. ದಾಲ್ರೆ ಸಿಗಲಿಲ್ಲ. ಸತ್ತ ಮಗುವಿನ ಕಣ್ಣು ಮುಚ್ಚಿಸುವುದು ಎಷ್ಟು ದೊಡ್ಡ ಭಾಗ್ಯ ಅಂತ ಯಾರಿಗೆ ಹೇಳಲಿ, ಹೇಳಿದರೆ ಹುಚ್ಚಿ ಅಂತಾರೆ. ಆ ಚಳಿಗಾಲ ಅಕ್ಕ ಬಂದು ನನಗೊಂದು ಪುಟ್ಟ ದೇವಿ ಬೇಕು ಕಣೇ ಅಂದಳು, ನಾನು ಹಳೆಯ ಮಾದರಿ ಹಾಸಿಕೊಂಡೇ ಶುರು ಮಾಡಿದ್ದು, ಗಲ್ಲದ ಹತ್ತಿರ ಕೈ ತಾನಾಗಿ ತಿರುಗಿತು, ಮೇಲ್ತುಟಿ ಸ್ವಲ್ಪ ಎತ್ತಿ ನಿಂತಿತು, ಕೊನೆಗೆ ಕಣ್ಣಿಟ್ಟಾಗ — ಇದು ನಿನ್ ಮಗಳಲ್ವೇನೇ ಅಂದಳು ಅಕ್ಕ. ನಾನು ತಲೆ ತಗ್ಗಿಸಿದೆ. ಇರ್ಲಿ ಬಿಡೇ, ದೇವೀಗೂ ಯಾವ್ದಾದ್ರೂ ಒಂದ್ ಮುಖ ಬೇಕಲ್ಲ, ಇಲ್ಲಿದ್ರೆ ಕೂಸಿಗೆ ಹೊತ್ತೊತ್ತಿಗೆ ಸಿಹೀನಾದ್ರೂ ಸಿಗತ್ತೆ. ಅಲ್ಲಿಂದ ಪ್ರತಿ ತಿಂಗಳೂ ಹೋದೆ, ಬಟಾಣಿ ಮಿಠಾಯಿ ಇಟ್ಟು, ಶಾಲೆಯ ಕಥೆ, ಅಪ್ಪನ ಕೆಮ್ಮು, ಎಲ್ಲ ಹೇಳಿ ಬರುತ್ತಿದ್ದೆ. ಅಕ್ಕ ಬಾಗಿಲು ಎಳೆದುಕೊಂಡು ಹೊರಗೆ ಕೂರುತ್ತಿದ್ದಳು.

ಆಮೇಲೆ ಈ ಕ್ಯುತೆ ಕ್ಯಾಮೆರಾ ನೇತುಹಾಕಿಕೊಂಡು ಬಂದ. ಅಕ್ಕ ಒಪ್ಪಿದ್ದು ತಪ್ಪೇ, ಆದರೆ ಅವಳ ಲೆಕ್ಕದಲ್ಲಿ ಅದು ತಪ್ಪಲ್ಲ — ದೇವರು ಇಳಿಯುವುದು ಕುಂಚದಲ್ಲಿ ಬರೆದು, ಅನ್ನ ಇಟ್ಟು ಕರೆದ ಚಿತ್ರಕ್ಕೆ ಮಾತ್ರ, ಫೋಟೋಗೆ ಯಾವ್ ದೇವ್ರು ಹೋಗ್ತಾನೋ, ತಗೋ ಎಷ್ಟ್ ಬೇಕಾದ್ರೂ ತಗೋ ಅಂದುಬಿಟ್ಟಳು. ಅವನು ಈ ಪುಟ್ಟ ದೇವಿಯ ಫೋಟೋವನ್ನು ಟೋಕನ್ ಮಾಡಿದ, ಅಂದರೆ ಇದು ಇಂಥವರದು ಅಂತ ಲೋಕದ ಸಾವಿರಾರು ಕಂಪ್ಯೂಟರುಗಳಲ್ಲಿ ಒಟ್ಟಿಗೇ ಬರೆದಿಡುವುದಂತೆ, ಯಾರಿಗೂ ಅಳಿಸಲು ಬರುವುದಿಲ್ಲವಂತೆ, ಅದನ್ನು ಯಾರೋ ಕೊಂಡರು, ಗಂಡೋ ಹೆಣ್ಣೋ, ಯಾವ ದೇಶವೋ, ಹೆಸರೆಂದರೆ ಬರೀ ಅಕ್ಷರ ಅಂಕಿಗಳ ಗೊಂಚಲು. ಬರೆದವಳು ನಾನು ಕಣೋ ಅಂದೆ. ಚಿಕ್ಕಮ್ಮ, ಅದ್ರಲ್ಲಿ ನಿಮ್ ಹೆಸರೇ ಇಲ್ವಲ್ಲ. ಇಲ್ಲ, ನಾವು ಹಾಕುವುದಿಲ್ಲ, ದೇವರ ಮುಖದ ಕೆಳಗೆ ಯಾರು ಹೆಸರು ಬರೆಯುತ್ತಾರೆ! ಆ ಒಡೆಯ ಮುಖವನ್ನು ಒಂದು ಯಂತ್ರಕ್ಕೆ ತಿನ್ನಿಸಿದ, ಕೃತಕ ಬುದ್ಧಿಯ ಯಂತ್ರ, ದೇವಿಯನ್ನ ವರ್ಷ ವರ್ಷಾನೂ ದೊಡ್ಡೋಳ್ ಮಾಡು ಅಂದನಂತೆ, ಅದು ಮಾಡಿತು, ಒಂಬತ್ತರ ದಾಲ್ರೆ, ಹದಿಮೂರರ ದಾಲ್ರೆ, ಹಣೆಯ ಮೇಲೆ ಮೊಡವೆ, ಹತ್ತೊಂಬತ್ತಕ್ಕೆ ನನ್ನ ಅಮ್ಮನ ಕತ್ತು — ನನ್ನ ಅಮ್ಮನನ್ನು ಆ ಯಂತ್ರ ಎಲ್ಲಿ ಕಂಡಿತ್ತು? ಬೈದೆ, ಉಗಿದೆ, ಆಮೇಲೆ ಬಸ್ಸಿನಲ್ಲಿ ಕದ್ದು ನೋಡಿದೆ, ನನ್ನ ಮಗಳು ಬೆಳೆಯುವುದನ್ನು ನೋಡುವ ಆಸೆ ನನಗಿಲ್ಲವೇ, ಇಪ್ಪತ್ತೈದರ ಚಿತ್ರಕ್ಕೆ ಕಾದು ಕೂತಿದ್ದೆ, ಥೂ ನನ್ನ ಜನ್ಮಕ್ಕೆ.

ಈಗ ಒಡೆಯನಿಗೂ ಈ ಚಿತ್ರ ಸುಟ್ಟುಹೋಗಬೇಕಂತೆ. ಮೂಲ ಇಲ್ಲದಿದ್ದರೆ ಉಳಿಯುವುದು ಅವನದೊಂದೇ, ಅದಕ್ಕೇ ಈ ಮುಕ್ಕಾಲಿ, ಈ ಬೆಳಕು. ಸುಟ್ಟರೆ ದಾಲ್ರೆ ಪೂರ್ತಿ ಅವನವಳು, ಸುಡದಿದ್ದರೆ ದೇವಿ ಹೊರಡುವುದಿಲ್ಲ, ದೇವಿ ಹೊರಡದಿದ್ದರೆ ಆ ಮುಖದಲ್ಲಿ ಕೂತ ನನ್ನ ಕೂಸೂ ಹೊರಡುವುದಿಲ್ಲ, ಬೀಗ ಹಾಕಿದ ಪೂಜೆಮನೆಯಲ್ಲಿ ಮಿಠಾಯಿಯಿಲ್ಲದೆ — ಮನೆಗೆ ತಗೊಂಡ್ ಹೋಗಿ ಚಿಕ್ಕಮ್ಮ, ಯಾರಿಗೂ ಹೇಳಲ್ಲ, ಹ್ವಾಜಿನ್ ಮೆಲ್ಲಗೆ ಅನ್ನುತ್ತಾಳೆ, ಬೆಂಕಿಗೇ ಹೇಳುವ ಹಾಗೆ. ತೆಗೆದುಕೊಂಡು ಹೋಗಿ ನಾನೂ ಇನ್ನೊಬ್ಬ ಒಡೆಯ ಆಗುವುದೇ. ಕೈಚೀಲದಲ್ಲಿ ಕುಂಚ ಇದ್ದೇ ಇರುತ್ತದೆ, ಮಸಿ ತುಂಡು, ನೀರಿಲ್ಲ, ಎಂಜಲು ಸಾಕು. ಅಯ್ಯೋ ಚಿಕ್ಕಮ್ಮ ಏನ್ಮಾಡ್ತಿದೀರಾ, ಲೈವ್ ಹೋಗ್ತಿದೆ! ಬಾಯ್ಮುಚ್ಚೋ, ಬರೆದೋರು ಅವ್ರು, ಹ್ವಾಜಿನ್ ಗದರುತ್ತಾಳೆ. ಎಡಗಣ್ಣಿನ ಮೇಲೆ ಒಂದು ರೆಪ್ಪೆ ಎಳೆದೆ, ಬಲಗಣ್ಣಿನ ಮೇಲೆ ಒಂದು, ಕೆಳಗೆ ಸಣ್ಣ ಕೂದಲುಗಳು, ಮಲಗಿದಾಗ ಅವಳ ರೆಪ್ಪೆ ಕೆನ್ನೆಗೆ ತಾಗುತ್ತಿತ್ತು, ಮರೆತಿರಲಿಲ್ಲ, ಕೈ ಮರೆತಿರಲಿಲ್ಲ. ಮಲಕ್ಕೋ ಚಿನ್ನ. ಬೆಂಕಿಗೆ ಇಟ್ಟೆ, ರೇಷ್ಮೆ ಮುದುಡಿ ಮೆಲ್ಲಗೆ ಸುಡುತ್ತದೆ, ಕೂದಲು ಸುಟ್ಟ ವಾಸನೆ ಬರುತ್ತದೆ, ಆಯಿತು, ಎದೆ ಹಗುರ ಅನ್ನಿಸಿತು, ನಿಜವಾಗಿ ಅನ್ನಿಸಿತು, ಹೋದಳು ನನ್ನ ಕೂಸು, ಹೋದಳು, ಆಗ ಕ್ಯುತೆ ಓಡಿ ಬಂದು ಫೋನು ಮಡಿಲಿಗೆ ಹಾಕಿದ, ನೋಡಿ ಚಿಕ್ಕಮ್ಮ, ಆಗ್ಲೇ ಹೊಸದು ಬಿಟ್ರು, ಮೂವತ್ತು ವರ್ಷದ್ದು — ಈಗ ಇದ್ದಿದ್ದರೆ ಅಷ್ಟೇ ವಯಸ್ಸು, ಕೂದಲು ಹಿಂದಕ್ಕೆ ಕಟ್ಟಿದ್ದಾಳೆ, ನಿದ್ದೆಗೆಟ್ಟ ಮುಖ, ಸುಸ್ತಾಗಿದ್ದಾಳೆ, ಕಣ್ಣು ತೆರೆದೇ ಇದೆ, ದಾಲ್ರೆ, ಸಾಕು ಕಣೇ, ಹೆಬ್ಬೆರಳು ಒಂದು ಕಣ್ಣಿನ ಮೇಲೆ, ನಡುಬೆರಳು ಇನ್ನೊಂದರ ಮೇಲೆ, ಮೆಲ್ಲಗೆ ಎಳೆಯುತ್ತೇನೆ, ಗಾಜು ತಣ್ಣಗಿದೆ, ರೆಪ್ಪೆ ಬರುವುದಿಲ್ಲ, ಬೆರಳುಗಳು ದೂರ ಸರಿದಷ್ಟೂ ಚಿತ್ರ ಹಿಗ್ಗುತ್ತದೆ, ಮತ್ತೆ ಎಳೆಯುತ್ತೇನೆ, ಕಣ್ಣು ದೊಡ್ಡದಾಗುತ್ತದೆ, ಮತ್ತೆ, ಇನ್ನೂ ದೊಡ್ಡದಾಗುತ್ತದೆ, ಮುಖ ಹೋಗಿ ಬರೀ ಕಣ್ಣು,